ನಿದ್ದೆ ತುಂಬಿದ ಕಬ್ಬಿನ ಹಂಗಾಮು

ಬೆಲ್ಲ ಕುದಿಯುವ ವಾಸನೆಗೆ ಬೇರೆಯವರ ಬಾಯಲ್ಲಿ ನೀರೂರುತ್ತದೆ, ನನಗೆ ಆಕಳಿಕೆ ಬರುತ್ತದೆ. ಕಳೆದ ವಾರ ಮುಧೋಳದಲ್ಲಿ ಮದುವೆಯೊಂದನ್ನು ಮುಗಿಸಿಕೊಂಡು ರಬಕವಿಗೆ ಮರಳುವಾಗ ಹಾಗೇ ಆಯಿತು. ಬಸ್ಸು ಮಹಾಲಿಂಗಪುರದ ನಿಲ್ದಾಣ ಹೊಕ್ಕಿತು, ಊರ ಹೊರಗಿನ ಗಾಣಗಳ ಕಡೆಯಿಂದ ಬಿಸಿ ಬೆಲ್ಲದ ಗಾಳಿ ಬೀಸಿತು, ನಾನು ಸೆರಗು ಅಡ್ಡ ಹಿಡಿದು ದೊಡ್ಡದೊಂದು ಆಕಳಿಕೆ ತೆಗೆದೆ. ಪಕ್ಕದಲ್ಲಿದ್ದ ನನ್ನ ಗಂಡ ಈರಣ್ಣ ನಕ್ಕರು.

“ಮತ್ತ ಸುರು ಆತೇನು ನಿಂದು?”

ಕಂಟ್ರೋಲರ್ ಕೋಣೆಯ ಮೈಕಿನಲ್ಲಿ ಯಾರೋ ಹೊಸ ಹುಡುಗಿ ಬನಹಟ್ಟಿ ಬಸ್ಸಿನ ಹೆಸರು ಕೂಗುತ್ತಿದ್ದಳು. ದನಿ ಗಟ್ಟಿಯಾಗಿತ್ತು. ನಾನು ಕಿಟಕಿಗೆ ತಲೆ ಆನಿಸಿ ಕೇಳುತ್ತ ಕೂತೆ. ಅದೇ ಕೋಣೆಯಲ್ಲಿ, ಅದೇ ಮೈಕಿನ ಮುಂದೆ ನಾನು ಹಿಂದೊಮ್ಮೆ ಕಳೆದ ಒಂದು ಹಂಗಾಮು, ಕಬ್ಬು ಕಡಿಯಲು ಶುರುವಾದ ದಿನದಿಂದ ಕಾರ್ಖಾನೆಗಳ ಹೊಗೆ ನಿಲ್ಲುವವರೆಗೆ, ಇಡಿಯಾಗಿ ಎದುರಿಗೆ ಬಂದು ನಿಂತಿತು.

ಆಗ ನಾನು ಕಂಡಕ್ಟರ್ ಕೆಲಸ ಬಿಟ್ಟು ಕಂಟ್ರೋಲರ್ ಆಗಿ ಹೆಚ್ಚು ದಿನ ಆಗಿರಲಿಲ್ಲ. ಬಸ್ಸು ಬಂದ ಹೊತ್ತು, ಹೋದ ಹೊತ್ತು ಬರೆದುಕೊಳ್ಳಬೇಕು, ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಮೈಕಿನಲ್ಲಿ ಹೇಳಬೇಕು. ಬರೆಯುವುದು ಯಾರಿಗೆ ಬೇಕಾಗಿತ್ತು, ನನಗೆ ಮೈಕಿನ ಮೇಲೆ ಜೀವ. ಕಂಡಕ್ಟರ್ ಆಗಿದ್ದಾಗ ತುಂಬಿದ ಬಸ್ಸಿನಲ್ಲಿ ಕೂಗಿ ಕೂಗಿ ಬೆಳೆದ ದನಿ ಅದು. ನಾನು “ಪ್ರಯಾಣಿಕರ ಗಮನಕ್ಕೆ” ಎಂದರೆ ನಿಲ್ದಾಣದ ಹೊರಗಿನ ಚಹಾ ಅಂಗಡಿಯವನೂ ಕೆಟಲಿ ಹಿಡಿದ ಕೈ ನಿಲ್ಲಿಸುತ್ತಾನೆ ಎಂದು ಜೊತೆಯ ಹಿರಿಯ ಕಂಟ್ರೋಲರ್ ಪಾಟೀಲರು ಚೇಷ್ಟೆ ಮಾಡುತ್ತಿದ್ದರು.

ಆದರೆ ಆ ಮಳೆಗಾಲದಲ್ಲಿ ನನ್ನೊಳಗೆ ಏನೋ ಸಡಿಲವಾಗಿತ್ತು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ಫೋನ್ ಮಾಡುತ್ತಿದ್ದೆ. ಧಾರವಾಡದ ಹಾಸ್ಟೆಲಿನಲ್ಲಿದ್ದ ಮಗಳು ಫೋನ್ ಎತ್ತದಿದ್ದರೆ ಕೈಕಾಲು ತಣ್ಣಗಾಗುತ್ತಿದ್ದವು. ಯಾವುದೋ ಬಸ್ಸು ಸ್ವಲ್ಪ ತಡವಾದರೆ ಅದು ಎಲ್ಲೋ ಹೊಲದಲ್ಲಿ ಉರುಳಿದ ಚಿತ್ರ ಕಣ್ಣಿಗೆ ಕಟ್ಟುತ್ತಿತ್ತು. ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕೈಬಳೆಗಳು ಮೊಣಕೈವರೆಗೆ ಜಾರುವಷ್ಟು ಸೊರಗಿದೆ.

ಕಾರ್ಖಾನೆಗಳು ಕಬ್ಬು ಅರೆಯಲು ಶುರು ಮಾಡಿದ ವಾರ ಅದು ಸ್ಫೋಟಿಸಿತು. ರಸ್ತೆಯ ತುಂಬ ಎರಡೆರಡು ಟ್ರೇಲರ್ ಕಟ್ಟಿಕೊಂಡು, ಹಾಡು ಹಚ್ಚಿಕೊಂಡು ಹೊರಟ ಟ್ರ್ಯಾಕ್ಟರುಗಳು. ಅವುಗಳ ಹಿಂದೆ ತೆವಳುವ ಬಸ್ಸುಗಳು. ನಿಲ್ದಾಣದಲ್ಲಿ ಜನವೋ ಜನ. ನಾನು ಮೈಕಿನ ಗುಂಡಿ ಒತ್ತಿ “ಪ್ರಯಾಣಿಕರ” ಎಂದೆ. ಮುಂದಿನ ಮಾತು ಬರಲಿಲ್ಲ. ಯಾರೋ ಗಂಟಲಿಗೆ ಕೈ ಹಾಕಿದಂತಾಯಿತು. ಎದೆ ಪಕ್ಕದಲ್ಲಿ ನಿಂತವರಿಗೂ ಕೇಳುವಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಗುಂಡಿ ಒತ್ತಿಯೇ ಇತ್ತು. ನನ್ನ ಏದುಸಿರು ಇಡೀ ನಿಲ್ದಾಣಕ್ಕೆ ಕೇಳಿಸುತ್ತಿತ್ತು. ಜನ ತಲೆ ಎತ್ತಿ ಧ್ವನಿವರ್ಧಕ ನೋಡಿದರು. ಪಾಟೀಲರು ಓಡಿ ಬಂದು ಗುಂಡಿ ಬಿಡಿಸಿದರು.

“ಎದಿ ನೋವೇನವಾ?”

“ಸಾಯಾಕತ್ತೀನ್ರಿ ಸರ,” ಎಂದೆ. ಹಾಗೆಂದೇ ನಂಬಿದ್ದೆ.

ಆಸ್ಪತ್ರೆಯಲ್ಲಿ ಇಸಿಜಿ ತೆಗೆದರು, ರಕ್ತ ನೋಡಿದರು, ಥೈರಾಯ್ಡ್ ನೋಡಿದರು. ಎಲ್ಲ ಸರಿಯಾಗಿತ್ತು. ಹೃದಯದ ಡಾಕ್ಟರು ಚೀಟಿ ಮಡಚಿ ಕೊಡುತ್ತ, “ನಿಮ್ಮ ಎದಿ ನಮ್ಮೆಲ್ಲಾರಕಿಂತ ಛಲೋ ಐತಿ. ಮುಧೋಳದಾಗ ಮನಸ್ಸಿನ ಡಾಕ್ಟರ್ ಒಬ್ಬರ ಅದಾರ, ಅವರಿಗೆ ತೋರಸ್ರಿ,” ಎಂದರು. ನನಗೆ ಸಮಾಧಾನವಾಗುವುದರ ಬದಲು ಅವಮಾನವಾಯಿತು. ಹೃದಯದ ರೋಗವಾದರೆ ನಾಲ್ಕು ಜನ ಹಣ್ಣು ಹಿಡಿದುಕೊಂಡು ನೋಡಲು ಬರುತ್ತಾರೆ. ಮನಸ್ಸಿನದ್ದಾದರೆ?

ಆಮೇಲೆ ಮೈಕಿನ ಹತ್ತಿರ ಹೋದರೆ ಸಾಕು, ಅದೇ ಗಂಟಲು, ಅದೇ ಎದೆ. ಪಾಟೀಲರು ತಮ್ಮ ಒಡಕು ದನಿಯಲ್ಲಿ ನನ್ನ ಪಾಲಿನ ಪ್ರಕಟಣೆಯನ್ನೂ ಮಾಡತೊಡಗಿದರು. ಆದರೆ ಮೇಲಿನ ಸಾಹೇಬರು ಒಂದು ದಿನ ಕರೆದು ಸೌಮ್ಯವಾಗಿಯೇ ಹೇಳಿದರು: “ಮೈಕ ಆಗದಿದ್ರ ಡಿಪೋದಾಗ ಕಾಗದಪತ್ರದ ಕೆಲಸ ಕೊಡತೀನಿ. ವಿಚಾರ ಮಾಡ್ರಿ.” ಡಿಪೋದ ಆ ಕತ್ತಲೆಯ ಕೋಣೆ ನೆನೆದು ಮನೆಗೆ ಬಂದು ಕಣ್ಣೀರು ಹಾಕಿದೆ. ಮರುದಿನ ಈರಣ್ಣನವರು ಮನೆಯ ಮಗ್ಗ ನಿಲ್ಲಿಸಿ ನನ್ನನ್ನು ಮುಧೋಳಕ್ಕೆ ಕರೆದುಕೊಂಡು ಹೋದರು.

ಡಾಕ್ಟರು ನಡುವಯಸ್ಸಿನವರು, ಮಾತು ಕಡಿಮೆ, ಕಣ್ಣಲ್ಲಿ ಸಣ್ಣ ನಗು. ಮೊದಲು ಕೊಟ್ಟ ಗುಳಿಗೆ ನನಗೆ ಒಗ್ಗಲಿಲ್ಲ. ಹೊಟ್ಟೆ ತೊಳಸಿ, ಇದ್ದ ಚಡಪಡಿಕೆ ಇನ್ನಷ್ಟಾಯಿತು. ಎರಡನೇ ಸಲ ಹೋದಾಗ ಅದನ್ನು ಬಿಡಿಸಿ ಬೇರೆಯದು ಬರೆದರು. ಮಿರ್ಟಾಜಪೀನ್ ಎಂದು ಹೆಸರು.

“ಇದು ಖರೆ ಅಂದ್ರ ಖಿನ್ನತೆಗೆ ಕೊಡೂ ಔಷಧ,” ಎಂದರು.

“ನನಗ ಖಿನ್ನತೆ ಇಲ್ರಿ ಸಾಹೇಬ್ರ. ಅಂಜಿಕಿ ಅಷ್ಟ ಐತಿ.”

“ಗೊತ್ತೈತಿ. ಅಂಜಿಕಿಗೂ ಕೆಲವರಿಗೆ ಹತ್ತತೈತಿ. ನೀವು ನಿದ್ದಿ ಮಾಡವಲ್ರಿ, ಉಣವಲ್ರಿ. ಇದು ನಿದ್ದಿ ತರ್ತೈತಿ, ಹಸಿವು ತರ್ತೈತಿ. ಅವೆರಡೂ ಲಗೂನ ಬರ್ತಾವು. ಅಂಜಿಕಿ ಹೋಗಾಕ ಮಾತ್ರ ಕೆಲವು ವಾರ ಬೇಕು. ಹತ್ತದಿದ್ರ ಮತ್ತೊಂದು ನೋಡೋಣ. ಮೊದಲಿಗೆ ಭಾಳ ಜೋಂಪು ಬರ್ತೈತಿ. ಸ್ಕೂಟಿ ಹೊಡೀಬ್ಯಾಡ್ರಿ, ಮತ್ತ ಮನಸಿಗೆ ಬಂದಾಗ ಬಿಡಬ್ಯಾಡ್ರಿ.”

ಈ ಕೊನೆಯ ಮಾತನ್ನು ಅವರು ಒತ್ತಿ ಹೇಳಿದ್ದರು. ನಾನು ತಲೆಯಾಡಿಸಿದ್ದೆ.

ಮನೆಯಲ್ಲಿ ಅತ್ತೆ ಗಂಗವ್ವ ಕಾಯುತ್ತಿದ್ದರು. ನಮ್ಮ ಮನೆಯ ಮುಂಭಾಗದಲ್ಲಿ ವಿದ್ಯುತ್ ಮಗ್ಗಗಳು, ಹಿಂದೆ ನಾವು. ಇಡೀ ದಿನ ಆ ಖಟಖಟದ ನಡುವೆ ಬದುಕಿದ್ದಕ್ಕೋ ಏನೋ ಅತ್ತೆ ಗುಟ್ಟಿನ ಮಾತನ್ನೂ ಕೂಗಿಯೇ ಹೇಳುತ್ತಿದ್ದರು. ಗುಳಿಗೆಯ ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿ ಮಗನನ್ನು ಕೇಳಿದರು, “ಇದು ತಲಿ ಕೆಟ್ಟಾವರಿಗೆ ಕೊಡೂದು ಹೌದಲ್ಲೋ?”

“ಅತ್ತ್ಯಾರ, ಓಣಿಗೆಲ್ಲ ಕೇಳಸ್ತೈತಿ.”

“ಅದಕ್ಕ ಕೇಳಾಕತ್ತೀನಿ. ಓಣ್ಯಾಗ ಯಾರಿಗೂ ಗೊತ್ತಾಗಬಾರ್ದು ಬೇ,” ಎಂದು ಇನ್ನೂ ಜೋರಾಗಿ ಹೇಳಿದರು.

ಅಂದು ಊಟ ಮುಗಿಸಿ ಗುಳಿಗೆ ನುಂಗಿದೆ. ಹಾಸಿಗೆ ಬಿಡಿಸಿದ್ದು ನೆನಪಿದೆ, ಹೊದ್ದದ್ದು ನೆನಪಿಲ್ಲ. ಬೆಳಿಗ್ಗೆ ಮಗ್ಗಗಳೆಲ್ಲ ಒಟ್ಟಿಗೆ ಹೊಡೆದುಕೊಳ್ಳುತ್ತಿದ್ದರೂ ನನಗೆ ಎಚ್ಚರವಾಗಲಿಲ್ಲ. ಕಣ್ಣು ಬಿಟ್ಟಾಗ ಮೂಗಿನ ಕೆಳಗೆ ಅತ್ತೆಯ ಬೆರಳಿತ್ತು.

“ಏನ ಮಾಡಾಕತ್ತೀರಿ ಅತ್ತ್ಯಾರ?”

“ಉಸಿರ ಐತೋ ಇಲ್ಲೋ ನೋಡಾಕತ್ತೀನಿ,” ಎಂದರು. ಅವರ ಮುಖ ನಿಜವಾಗಿ ಬಿಳುಚಿತ್ತು. ಎಷ್ಟೋ ತಿಂಗಳ ನಂತರ ನಾನು ತುಂಬಾ ನಿದ್ದೆ ಮಾಡಿದ್ದೆ. ಮೈಯೆಲ್ಲ ಒದ್ದೆ ಹತ್ತಿಯಂತೆ ಭಾರ. ನಾಲಿಗೆ ಒಣಗಿತ್ತು. ಆದರೆ ಒಳಗೆ ಸುಮ್ಮನಿತ್ತು. ಎದ್ದು ಹಲ್ಲುಜ್ಜುವಾಗ ಮತ್ತೆ ತೂಕಡಿಸಿ ಕನ್ನಡಿಗೆ ಹಣೆ ಬಡಿದುಕೊಂಡೆ.

ಹಸಿವು ಅದರ ಬೆನ್ನಿಗೇ ಬಂತು. ಅದು ಬಂದ ರೀತಿ ನೋಡಿದರೆ ಯಾವುದೋ ದೂರದ ಊರಿಂದ ನಡೆದುಕೊಂಡು ಬಂದ ಬೀಗರಂತೆ. ಬೆಳಿಗ್ಗೆ ರೊಟ್ಟಿ, ಶೇಂಗಾ ಚಟ್ನಿ, ಕೆನೆಮೊಸರು. ನಿಲ್ದಾಣ ಮುಟ್ಟುತ್ತಲೇ ಮಿರ್ಚಿ ಭಜಿ. ಮಧ್ಯಾಹ್ನ ಡಬ್ಬಿಯ ಝುಣಕವನ್ನು ಬೆರಳಿನಿಂದ ಬಳಿದು ತಿಂದು, ಪಾಟೀಲರ ಡಬ್ಬಿಯ ಕಡೆ ನೋಡುತ್ತಿದ್ದೆ. ಅವರು ಸಂಕೋಚದಿಂದ ಒಂದು ಚಪಾತಿ ಎತ್ತಿ ಕೊಡುತ್ತಿದ್ದರು. ಸಂಜೆ ಗಾಣದಿಂದ ಬರುವ ಪ್ರಯಾಣಿಕರು ಯಾರಾದರೂ ಬಿಸಿ ಬೆಲ್ಲದ ತುಣುಕು ಎಲೆಯಲ್ಲಿ ಕಟ್ಟಿ ಕಿಟಕಿಯಲ್ಲಿ ಇಟ್ಟು ಹೋಗುತ್ತಿದ್ದರು. ಅದು ಆರುವ ಮೊದಲೇ ಮುಗಿಯುತ್ತಿತ್ತು. ಜಾರುತ್ತಿದ್ದ ಬಳೆಗಳು ಕೈಗೆ ಕೂತವು. ಅತ್ತೆ ದಿನವೂ ಎರಡು ರೊಟ್ಟಿ ಹೆಚ್ಚಿಗೆ ಬಡಿಯತೊಡಗಿದರು.

ಸ್ಕೂಟಿ ಬಿಟ್ಟು ಬಸ್ಸಿನಲ್ಲಿ ಓಡಾಡುತ್ತಿದ್ದೆನಲ್ಲ, ಆ ದಿನಗಳಲ್ಲೇ ಆ ಘಟನೆ ನಡೆದದ್ದು. ರಬಕವಿಯಲ್ಲಿ ಮುಧೋಳದ ಬಸ್ಸು ಹತ್ತಿದೆ. ಕಂಡಕ್ಟರ್ ದಾವಲಸಾಬ ನನ್ನ ಹಳೆಯ ಜೊತೆಗಾರ. ಕಿಟಕಿ ಪಕ್ಕ ಸೀಟು ಕೊಟ್ಟ. ಬಿಸಿಲು ಹಿತವಾಗಿತ್ತು, ಮುಂದೆ ಟ್ರ್ಯಾಕ್ಟರಿನ ಹಾಡು, ಬಸ್ಸು ತೊಟ್ಟಿಲಿನಂತೆ ಓಲಾಡುತ್ತಿತ್ತು. ಯಾರೋ ಹೆಸರು ಹಿಡಿದು ಕರೆದಂತಾಗಿ ಕಣ್ಣು ಬಿಟ್ಟರೆ ಬಸ್ಸು ಖಾಲಿ. ಹೊರಗೆ ಧ್ವನಿವರ್ಧಕ ಕೂಗುತ್ತಿತ್ತು:

“ಪ್ರಯಾಣಿಕರ ಗಮನಕ್ಕೆ. ಮಹಾಲಿಂಗಪುರದ ಕಂಟ್ರೋಲರ್ ಮಹಾನಂದಾ ಮೇಡಂ ಅವರು ಮುಧೋಳ ನಿಲ್ದಾಣದಲ್ಲಿ ಎಲ್ಲಿದ್ದರೂ ಕೂಡಲೇ ಕಂಟ್ರೋಲ್ ರೂಮಿಗೆ ಬರಬೇಕು.”

ನಾನು ಮಹಾಲಿಂಗಪುರ ದಾಟಿ ಮುಧೋಳಕ್ಕೆ ಬಂದಿದ್ದೆ. ನನ್ನದೇ ನಿಲ್ದಾಣದಲ್ಲಿ ಬಸ್ಸು ನಿಂತು, ಜನ ಇಳಿದು ಹತ್ತಿ, ಪಾಟೀಲರು ಮೈಕಿನಲ್ಲಿ ಕೂಗಿ, ಇಷ್ಟೆಲ್ಲ ಆದರೂ ನನಗೆ ಎಚ್ಚರವಾಗಿರಲಿಲ್ಲ. ಡ್ಯೂಟಿಗೆ ಬಾರದ ನನ್ನನ್ನು ಹುಡುಕಿ ಪಾಟೀಲರು ಊರೂರಿಗೆ ಫೋನ್ ಮಾಡಿದ್ದರು. ದಾವಲಸಾಬ ಬಾಗಿಲ ಬಳಿ ತಲೆ ಕೆರೆದುಕೊಳ್ಳುತ್ತ ನಿಂತಿದ್ದ.

“ಅಕ್ಕಾರ, ನಾ ತಿಳಕೊಂಡೆ, ನಿಮಗ ಇವತ್ತ ಮುಧೋಳದಾಗ ಏನರ ಕೆಲಸ ಐತಿ ಅಂತ.”

“ಎಬ್ಬಸಬೇಕಿಲ್ಲೋ ದಾವಲಸಾಬ?”

“ಎಬ್ಬಸಿದ್ನಿರಿ. ‘ಹೂಂ’ ಅಂದ್ರಿ. ಮತ್ತ ಗೊರಕಿ ಹೊಡದ್ರಿ. ಪಾಪ ಅಂತ ಬಿಟ್ಟೆ.”

ಹಳೆಯ ನಾನಾಗಿದ್ದರೆ ಅಲ್ಲೇ ಕುಸಿದು ಕೂರುತ್ತಿದ್ದೆ. ತಿಂಗಳುಗಟ್ಟಲೆ ನಾನು ಅಂಜಿದ್ದು ಇದಕ್ಕೇ: ಬಸ್ಸಿನ ವಿಷಯದಲ್ಲಿ ತಪ್ಪಾಗುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ, ಮೈಕಿನಲ್ಲಿ ಹೆಸರು ಬರುತ್ತದೆ. ಮೂರೂ ಒಂದೇ ಬೆಳಿಗ್ಗೆ ಆಗಿಹೋಗಿದ್ದವು. ನನಗೆ ನಗು ಬಂತು. ಮೊದಲು ಸಣ್ಣಗೆ, ಆಮೇಲೆ ಸೀಟಿನ ಕಂಬಿ ಹಿಡಿದುಕೊಳ್ಳುವಷ್ಟು. ದಾವಲಸಾಬನೂ ನಕ್ಕ. ಮುಧೋಳದ ಕಂಟ್ರೋಲರು ಚಹಾ ತರಿಸಿದರು, ಮರಳಿ ಹೋಗುವ ಬಸ್ಸಿನ ಕಂಡಕ್ಟರಿಗೆ “ಇವರನ್ನ ನಿಂದ್ರಿಸಿಕೊಂಡ ಕರಕೊಂಡ ಹೋಗು, ಕುಂಡ್ರಸಬ್ಯಾಡ,” ಎಂದು ತಾಕೀತು ಮಾಡಿದರು. ಪಾಟೀಲರು ಆ ದಿನದ ಹಾಜರಿಯಲ್ಲಿ ಅರ್ಧ ದಿನದ ರಜೆ ಹಾಕಿದರು. ಅಷ್ಟೇ ಆದದ್ದು.

ಡಾಕ್ಟರಿಗೆ ಇದನ್ನು ಹೇಳಿದಾಗ ಅವರು ಪೆನ್ನು ಕೆಳಗಿಟ್ಟು ನಕ್ಕರು. ಗುಳಿಗೆಯನ್ನು ಸಂಜೆ ಇನ್ನೂ ಬೇಗ ತೆಗೆದುಕೊಳ್ಳಲು ಹೇಳಿದರು. ಬರಬರುತ್ತ ಬೆಳಗಿನ ಜೋಂಪು ಇಳಿಯಿತು. ಅದರ ಜೊತೆ ಇನ್ನೊಂದು ಕೆಲಸ ಹಚ್ಚಿದರು.

“ಗುಳಿಗಿ ಅರ್ಧಾ ಕೆಲಸ ಮಾಡತೈತಿ. ಉಳಿದ ಅರ್ಧಾ ನಿಮ್ಮದು. ಮೈಕಿನ ಮುಂದ ಕುಂಡ್ರರಿ, ಗುಂಡಿ ಒತ್ತಬ್ಯಾಡ್ರಿ, ಸುಮ್ಮ ಹೇಳ್ರಿ. ಎದಿ ಹೊಡಕೊಂಡ್ರ ಎದ್ದ ಓಡಬ್ಯಾಡ್ರಿ. ಅದು ತಾನ ಇಳಿಯೂತನಕ ಅಲ್ಲೇ ಕುಂಡ್ರರಿ. ಇಳೀತೈತಿ.”

ಮನೆಯಲ್ಲೂ ಅಭ್ಯಾಸ ಮಾಡಿದೆ. ಮಗ್ಗಗಳ ಗದ್ದಲದ ನಡುವೆ ನಿಂತು ಕೂಗಬೇಕು. “ಪ್ರಯಾಣಿಕರ ಗಮನಕ್ಕೆ, ಬನಹಟ್ಟಿ ಮಾರ್ಗವಾಗಿ ಜಮಖಂಡಿಗೆ ಹೋಗುವ ಬಸ್ಸು” ಎಂದು ಶುರು ಮಾಡಿದರೆ ನೇಯುವವರೆಲ್ಲ ನಗುತ್ತಿದ್ದರು. ಈರಣ್ಣನವರು ಮಗ್ಗದ ಹಿಂದಿನಿಂದ “ಮೇಡಂ, ಬಸ್ಸಿನ್ಯಾಗ ಜಾಗಾ ಐತೇನ್ರಿ?” ಎನ್ನುತ್ತಿದ್ದರು. ಅತ್ತೆ ಕಾಳು ಆರಿಸುತ್ತ ತಲೆ ಎತ್ತದೆ, “ದನಿ ಸಾಲದು,” ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ನಿಲ್ದಾಣದಲ್ಲಿ ಜನ ಕಡಿಮೆ ಇದ್ದಾಗ ಪಾಟೀಲರು ಹೊರಗೆ ಹೋಗಿದ್ದರು. ಜಮಖಂಡಿ ಬಸ್ಸು ಬಂದು ನಿಂತಿತು. ನಾನು ಗುಂಡಿ ಒತ್ತಿದೆ. ಎದೆ ಹೊಡೆದುಕೊಂಡಿತು. ಅದರ ಪಾಡಿಗೆ ಅದನ್ನು ಬಿಟ್ಟು ಹೇಳುವುದನ್ನು ಹೇಳಿದೆ. ದನಿ ನಡುವೆ ಒಂದು ಕಡೆ ನಡುಗಿತು. ಬಸ್ಸು ಹೊರಟಿತು. ಹೊರಗಿನಿಂದ ಪಾಟೀಲರು ಎಲೆಯಡಿಕೆ ಬಾಯಿಯಲ್ಲಿ ಓಡಿ ಬಂದವರು ಬಾಗಿಲಲ್ಲಿ ನಿಂತು, ಆಮೇಲೆ ತಮ್ಮ ಕುರ್ಚಿಯನ್ನು ಮೈಕಿನಿಂದ ದೂರ ಸರಿಸಿಕೊಂಡು ಕೂತರು.

ಇಷ್ಟಕ್ಕೇ ಎಲ್ಲ ಸರಿಹೋಯಿತೆಂದು ನಾನು ಅಂದುಕೊಂಡದ್ದು ತಪ್ಪಾಯಿತು. ಸಂಕ್ರಾಂತಿಗೆ ಎಳ್ಳು ಬೆಲ್ಲ ಕೊಡಲು ಬಂದ ಓಣಿಯ ಹೆಂಗಸರು, “ಈ ವರ್ಷ ಛಲೋ ತುಂಬಿಕೊಂಡೀ ನೋಡ್,” ಎಂದರು. ಹಬ್ಬಕ್ಕೆ ತೆಗೆದ ಕುಪ್ಪಸ ತೋಳಿಗೆ ಏರಲಿಲ್ಲ. ನಿದ್ದೆ ಬರುತ್ತಿದೆ, ಮೈಕು ಮರಳಿ ಬಂದಿದೆ, ಇನ್ನು ಈ ಗುಳಿಗೆ ಯಾಕೆ ಎಂದು ಯಾರಿಗೂ ಹೇಳದೆ ಬಿಟ್ಟುಬಿಟ್ಟೆ.

ಮೊದಲ ದಿನ ಏನೂ ಆಗಲಿಲ್ಲ. ಆಮೇಲೆ ವಾಂತಿ ಬಂದಂತೆ, ತಲೆ ಸುತ್ತಿದಂತೆ, ಮೈಯೆಲ್ಲ ಇರುವೆ ಹರಿದಂತೆ. ನಿದ್ದೆ ಮಾಯ. ಕುಕ್ಕರ್ ಸೀಟಿ ಹೊಡೆದದ್ದಕ್ಕೇ ಬೆಚ್ಚಿಬಿದ್ದೆ. ಅತ್ತೆ ಒಲೆಯ ಮುಂದಿನಿಂದ ತಿರುಗಿ ನನ್ನ ಮುಖವನ್ನೇ ನೋಡಿದರು.

“ಗುಳಿಗಿ ಬಿಟ್ಟೀಯೇನು?”

ನಾನು ಕುಕ್ಕರಿನ ಕಡೆ ತಿರುಗಿದೆ.

“ಬಿಟ್ಟೀ. ನನಗ ಗೊತ್ತಾತು. ಮೊದಲಿನಂಗ ಕಣ್ಣ ಮಾಡಾಕತ್ತೀದಿ. ಸೀರಿ ಉಟ್ಕೋ, ಡಾಕ್ಟರ ಹಂತ್ಯಾಕ ಹೋಗೂಣು.”

ಅವರೇ ಹೊರಟು ನಿಂತದ್ದು ನನಗೆ ಅಚ್ಚರಿ. ಗುಳಿಗೆಯ ವಿಷಯ ಓಣಿಗೆ ಗೊತ್ತಾಗಬಾರದೆಂದವರು ಅವರು. ಅದಕ್ಕಿಂತ ಹೆಚ್ಚಾಗಿ, ಮನೆ ಬಿಟ್ಟು ಹೊರಗೆ ಹೋಗುವುದೆಂದರೆ ಅವರಿಗಾಗುತ್ತಿರಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ಕೈ ಹಿಡಿದುಕೊಂಡೇ ಕೂತರು. ನನಗೆ ಧೈರ್ಯ ಕೊಡಲು ಹಿಡಿದಿದ್ದಾರೆ ಎಂದುಕೊಂಡೆ.

ಡಾಕ್ಟರು ಬಯ್ಯಲಿಲ್ಲ. “ಒಮ್ಮಿಲೆ ಬಿಟ್ರ ಹಿಂಗ ಆಕ್ಕೈತಿ. ಬಿಡೂದೈತಿ, ಆದ್ರ ಟೈಮ್ ಬಂದಾಗ, ಸ್ವಲ್ಪ ಸ್ವಲ್ಪ ಇಳಿಸಿ, ನಾನ ಬಿಡಸ್ತೀನಿ,” ಎಂದರು. ತೂಕದ ಬಗ್ಗೆ ಕೇಳಿದೆ. ಅದು ಗುಳಿಗೆಯ ಗುಣವೇ, ಆದರೆ ದಿನಾ ತಿನ್ನುವ ಬೆಲ್ಲಕ್ಕೆ ಗುಳಿಗೆ ಏನು ಮಾಡೀತು ಎಂದು ನಕ್ಕರು. ಬೆಳಿಗ್ಗೆ ನಡೆಯಲು ಹೇಳಿದರು. ಮತ್ತೆ ಶುರು ಮಾಡಲು ಚೀಟಿ ಬರೆದು ಕೊಟ್ಟರು. ನಾನು ಎದ್ದೆ, ಅತ್ತೆ ಕುರ್ಚಿ ಬಿಡಲಿಲ್ಲ.

“ಸಾಹೇಬ್ರ, ಒಂದ ಮಾತ ಕೇಳಲೇನ್ರಿ?” ದನಿ ಸಣ್ಣಗಿತ್ತು. ಅತ್ತೆ ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು. “ಎದಿ ಹೊಡಕೊಳ್ಳೂದು, ಈಗ ಸಾಯ್ತೀನಿ ಅನಸೂದು, ಕೈ ತಣ್ಣಗಾಗೂದು. ಇದೆಲ್ಲಾ ನನಗೂ ಆಕ್ಕೈತಿ. ಇದೂ ಅದ ಏನ್ರಿ?”

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿ ಅವರ ಕಡೆ ತಿರುಗಿ ಕೂತರು. “ಯಾವಾಗಿಂದ ಅವ್ವಾರ?”

“ಈಕಿ ಮಾವ ತೀರಿಕೊಂಡ ಮ್ಯಾಲ. ಸಂತ್ಯಾಗ ಒಬ್ಬಾಕಿ ನಿಂತಿದ್ನಿ. ಬಿದ್ದಬಿಟ್ಟೆ. ಗಾಳಿ ಬಡದೈತಿ ಅಂದ್ರು. ತಾಯತ ಕಟ್ಟಿದ್ರು. ಬೇವಿನ ತಪ್ಪಲ ಹೊಗಿ ಹಾಕಿದ್ರು. ಹೋಗ್ಲಿಲ್ರಿ. ಅಂದಿನಿಂದ ಗದ್ದಲದಾಗ ನಾ ಒಬ್ಬಾಕಿ ಹೋಗಂಗಿಲ್ಲ. ಬೀಳಗ್ಯಾಗ ನನ್ನ ತಂಗಿ ಅದಾಳ. ಯಾರರ ಕರಕೊಂಡ ಹೋದ್ರ ಹೋಗೂದು, ಇಲ್ಲಂದ್ರ ಇಲ್ಲ. ಮಂದಿ ಮುಂದ ಮೊಣಕಾಲ ನೋವು ಅಂತೀನಿ.”

ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತವರು ನಾವು. ಅತ್ತೆಯ ಮೊಣಕಾಲಿಗೆ ನಾನು ಎಷ್ಟು ಸಲ ಎಣ್ಣೆ ತಿಕ್ಕಿದ್ದೆ.

ಡಾಕ್ಟರು ಇನ್ನೂ ಕೆಲವು ಪ್ರಶ್ನೆ ಕೇಳಿದರು. ಬಿಪಿ ನೋಡಿದರು. ಆಮೇಲೆ ಹೇಳಿದರು, “ನಿಮಗ ಗಾಳಿ ಬಡದಿದ್ದಿಲ್ಲ ಅವ್ವಾರ. ನಿಮ್ಮ ಸೊಸಿಗೆ ಆದದ್ದ ನಿಮಗೂ ಆಗೈತಿ. ಇದಕ್ಕ ಹೆಸರೈತಿ, ಔಷಧ ಐತಿ.”

“ಗುಳಿಗಿ ನನಗ ಬ್ಯಾಡ್ರಿ. ಆಕಿ ನಿದ್ದಿ ನೋಡೀನಿ. ನಾ ಹಂಗ ಮಕ್ಕೊಂಡ್ರ ಮನಿ ಮಂದಿ ಅಳಾಕ ಸುರು ಮಾಡ್ತಾರ.”

ಡಾಕ್ಟರು ಬಹಳ ಹೊತ್ತು ನಕ್ಕರು. ಈಗ ಬೇಡವಾದರೆ ಬೇಡ, ಬೇಕೆನಿಸಿದಾಗ ಬನ್ನಿ ಎಂದರು. ಅವರಿಗೂ ನನ್ನಂಥದ್ದೇ ಅಭ್ಯಾಸ ಹೇಳಿಕೊಟ್ಟರು. ಸ್ವಲ್ಪ ದೂರ ಒಬ್ಬರೇ ಹೋಗುವುದು, ಅಂಜಿಕೆ ಬಂದರೆ ಅಲ್ಲೇ ನಿಲ್ಲುವುದು, ಇಳಿದ ಮೇಲೆ ಮುಂದೆ ಹೋಗುವುದು.

ಅಂದಿನಿಂದ ನಮ್ಮ ಮನೆಯಲ್ಲಿ ಗುಳಿಗೆಯ ಹೊತ್ತು ಅತ್ತೆಯದ್ದಾಯಿತು. ಸಂಜೆಯ ಊಟ ಮುಗಿಯುತ್ತಲೇ ಒಂದು ಕೈಯಲ್ಲಿ ನೀರು, ಒಂದು ಕೈಯಲ್ಲಿ ಗುಳಿಗೆ. “ನುಂಗ್. ಬಾಯಿ ತಗಿ. ನಾಲಗಿ ಎತ್ತು.” ಓಣಿಯ ಹೆಂಗಸೊಬ್ಬಳು ಇದನ್ನು ನೋಡಿ ಯಾವುದರ ಗುಳಿಗೆ ಎಂದು ಕೇಳಿದಳು. ನಾನು ಮಾತು ಹುಡುಕುತ್ತಿರುವಾಗಲೇ ಅತ್ತೆ ಮಗ್ಗದ ಸಪ್ಪಳ ಮೀರುವ ದನಿಯಲ್ಲಿ ಹೇಳಿದರು, “ಅಂಜಿಕಿದು. ನನಗೂ ಐತಿ. ನಿನಗೂ ಇದ್ರ ಹೇಳು, ಮುಧೋಳದಾಗ ಛಲೋ ಡಾಕ್ಟರ್ ಅದಾರ.”

ಬೆಳಿಗ್ಗೆ ನಾವಿಬ್ಬರೂ ನಡೆಯಲು ಹೊರಟೆವು. ಮೊದಲು ಓಣಿಯ ತುದಿಯವರೆಗೆ ಜೊತೆಯಾಗಿ, ಆಮೇಲೆ ಅತ್ತೆ ಮುಂದೆ, ನಾನು ಹಿಂದೆ ದೂರದಲ್ಲಿ. ಆಮೇಲೆ ಅವರು ಒಬ್ಬರೇ ಹೂವಿನ ಅಂಗಡಿಗೆ ಹೋಗಿ ಬಂದರು. ಒಮ್ಮೆ ಮಾರ್ಕೆಟ್ಟಿನ ನಡುವೆ ನಿಂತು ಬೆವೆತು, ಕಟ್ಟೆಯೊಂದರ ಮೇಲೆ ಕೂತು, ಎದೆ ಶಾಂತವಾದ ಮೇಲೆ ಮನೆಗೆ ಬಂದು, “ಕುಂತೆ. ಇಳೀತು. ಬದನಿಕಾಯಿ ತಂದೀನಿ,” ಎಂದರು. ಆ ಬದನೆಕಾಯಿ ಎಣ್ಣೆಗಾಯಿಯನ್ನು ನಾವು ಹಬ್ಬದ ಊಟದಂತೆ ಉಂಡೆವು.

ನನಗೂ ದಿನಗಳು ಹಗುರವಾಗುತ್ತ ಹೋದವು. ಗುಳಿಗೆ ಎಲ್ಲವನ್ನೂ ಅಳಿಸಿತು ಎಂದು ಹೇಳಲಾರೆ. ಮಗಳು ಫೋನ್ ಎತ್ತದಿದ್ದರೆ ಈಗಲೂ ಒಮ್ಮೆ ಎದೆ ಧಸಕ್ಕೆನ್ನುತ್ತದೆ. ಆದರೆ ಬಸ್ಸು ತಡವಾದರೆ ಅದು ಟ್ರ್ಯಾಕ್ಟರಿನ ಹಿಂದೆ ಸಿಕ್ಕಿದೆ ಎಂದು ಯೋಚಿಸುವಷ್ಟು ಜಾಗ ತಲೆಯಲ್ಲಿ ಆಯಿತು. ಮುಂದಿನ ವರ್ಷ ಡಾಕ್ಟರೇ ಹಂತಹಂತವಾಗಿ ಇಳಿಸಿ ಗುಳಿಗೆ ಬಿಡಿಸಿದರು. ಡಿಪೋದ ಕತ್ತಲೆ ಕೋಣೆಯ ಮಾತನ್ನು ಸಾಹೇಬರು ಮತ್ತೆ ಎತ್ತಲಿಲ್ಲ. ಬದಲಿಗೆ ಜಮಖಂಡಿಯ ದೊಡ್ಡ ನಿಲ್ದಾಣಕ್ಕೆ ನನ್ನ ಹೆಸರು ಬರೆದರು. ಈಗ ಅಲ್ಲಿಯೇ ಇದ್ದೇನೆ.

ಆ ಹಂಗಾಮಿನ ಕೊನೆ ಮಾತ್ರ ಹೇಳಬೇಕು. ಹೊಲಗಳು ಬೋಳಾಗಿದ್ದವು. ಟ್ರ್ಯಾಕ್ಟರುಗಳ ಹಾಡು ಕಡಿಮೆಯಾಗಿತ್ತು. ಬಿಸಿಲು ಏರಿತ್ತು. ಯುಗಾದಿಗೆ ಇನ್ನೂ ಕೆಲವು ದಿನ ಇರುವಾಗ ಒಂದು ಬೆಳಿಗ್ಗೆ ನಾನು ಮೈಕಿನ ಮುಂದೆ ಕೂತಿದ್ದೆ. ರಬಕವಿಯಿಂದ ಬಂದ ಬಸ್ಸಿನಿಂದ ಹಸಿರು ಇಳಕಲ್ಲ ಸೀರೆ ಉಟ್ಟು, ಕೈಯಲ್ಲಿ ಚೀಲ ಹಿಡಿದ ಹೆಂಗಸೊಬ್ಬರು ಇಳಿದರು. ಯಾರೋ ಅತ್ತೆಯ ಹಾಗೇ ಇದ್ದಾರಲ್ಲ ಎಂದುಕೊಂಡೆ. ಅವರು ನೇರವಾಗಿ ನನ್ನ ಕಿಟಕಿಗೆ ಬಂದರು.

“ಬೀಳಗಿ ಬಸ್ ಯಾವಾಗ ಐತ್ರಿ ಮೇಡಂ?”

“ಅತ್ತ್ಯಾರ, ನೀವು? ಯಾರ ಜೋಡಿ ಬಂದ್ರಿ?”

“ಯಾರ ಜೋಡೀನೂ ಇಲ್ಲ. ಈರಣ್ಣ ಬರ್ತೀನಿ ಅಂದ. ಬ್ಯಾಡ ಅಂದೆ.” ಅವರು ಕಿಟಕಿಯ ಕಟ್ಟೆ ಹಿಡಿದಿದ್ದರು. ಹಣೆಯ ಮೇಲೆ ಬೆವರಿತ್ತು. ನಾನು ಎದ್ದು ಹೊರಗೆ ಬರಲು ಹೊರಟೆ. ಅವರು ಕೈ ಅಡ್ಡ ಮಾಡಿದರು. “ನೀ ಬರಬ್ಯಾಡ. ನೀ ಬಂದ್ರ ನಾ ಹೋಗಂಗಿಲ್ಲ. ಅಲ್ಲೇ ಕುಂಡ್ರು. ನಿನ್ನ ಕೆಲಸ ನೀ ಮಾಡು.”

ಅವರು ಹೋಗಿ ಕಲ್ಲುಬೆಂಚಿನ ಮೇಲೆ ಕೂತರು. ಸುತ್ತ ಜನ. ಒಮ್ಮೆ ಕಣ್ಣು ಮುಚ್ಚಿದರು. ಚೀಲವನ್ನು ಮಡಿಲಿಗೆ ಒತ್ತಿಕೊಂಡರು. ಪಾಟೀಲರು ನನ್ನ ಕಡೆ ನೋಡಿದರು, ನಾನು ಅವರ ಕಡೆ. ಬಸ್ಸು ಬಂತು. ನಾನು ಗುಂಡಿ ಒತ್ತಿದೆ.

“ಪ್ರಯಾಣಿಕರ ಗಮನಕ್ಕೆ. ಮುಧೋಳ ಮಾರ್ಗವಾಗಿ ಬೀಳಗಿಗೆ ಹೋಗುವ ಬಸ್ಸು ಎರಡನೇ ಪ್ಲಾಟ್‌ಫಾರ್ಮಿನಲ್ಲಿ ನಿಂತಿದೆ.” ಬೆಂಚಿನ ಮೇಲಿನ ಹಸಿರು ಸೀರೆ ಅಲುಗಲಿಲ್ಲ. ನಾನು ಎರಡನೇ ಸಲ ಹೇಳಿದೆ. ಮೂರನೇ ಸಲಕ್ಕೆ ನಿಯಮ ಬಿಟ್ಟೆ. “ಬಸ್ಸು ಇನ್ನೂ ನಿಂತಿದೆ. ಗಡಿಬಿಡಿ ಮಾಡಬೇಡಿ. ನಿಧಾನವಾಗಿ ಹತ್ತಿರಿ. ಎಲ್ಲರೂ ಹತ್ತಿದ ಮೇಲೆಯೇ ಬಿಡುತ್ತದೆ.”

ಚಾಲಕ ಕಿಟಕಿಯಿಂದ ಬಗ್ಗಿ ಇದೇನು ಹೊಸ ಪ್ರಕಟಣೆ ಎಂಬಂತೆ ನೋಡಿದ. ಅತ್ತೆ ಎದ್ದರು. ಸೆರಗು ಸರಿ ಮಾಡಿಕೊಂಡರು. ಜನರ ನಡುವೆ ದಾರಿ ಮಾಡಿಕೊಂಡು ಹೋಗಿ, ಬಾಗಿಲ ಕಂಬಿ ಹಿಡಿದು, ಹತ್ತಿದರು. ಮುಂದಿನ ಸೀಟಿನಲ್ಲಿ ಕೂತರು. ಬಸ್ಸು ಹೊರಟಾಗ ಅವರು ನನ್ನ ಕಡೆ ನೋಡಲಿಲ್ಲ. ಕಂಡಕ್ಟರನ ಹತ್ತಿರ ಟಿಕೆಟ್ ಕೇಳುತ್ತಿದ್ದರು.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದ್ದರೂ ತಿನ್ನದೆ ಕೂತಿದ್ದೆ. ಫೋನ್ ಬಂತು. ಹಿಂದೆ ತಂಗಿಯ ಮನೆಯ ಗದ್ದಲ, ಪಾತ್ರೆಯ ಸಪ್ಪಳ, ನಗು ಕೇಳಿಸುತ್ತಿತ್ತು. ಅತ್ತೆ ಮೊದಲಿನ ದೊಡ್ಡ ದನಿಯಲ್ಲಿ ಮಾತಾಡಿದರು.

“ಮುಟ್ಟೀನಿ. ಈರಣ್ಣಗ ಹೇಳು, ನಾಳಿ ಕರ್ಯಾಕ ಬರ್ತೀನಿ ಅಂದಿದ್ದ, ಬರಬ್ಯಾಡ ಅನ್ನು.”

“ಮತ್ತ ಯಾವಾಗ ಬರ್ತೀರಿ ಅತ್ತ್ಯಾರ?”

“ಗೊತ್ತಿಲ್ಲ ಬೇ. ಈಗರ ಬಂದೀನಿ,” ಎಂದು ಫೋನ್ ಇಟ್ಟರು.